ಬೆಳಕಿನ ಬೆನ್ನು ಹತ್ತಿದ ಗುರು-ಶಿಷ್ಯರು: ಸೆಂಟ್ರಲ್ ಕಾಲೇಜಿನಿಂದ ಜಾಲಹಳ್ಳಿಯವರೆಗೆ



ಸಾಂಗಲಿ, ಮಿರಜ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳ ವಿಜ್ಞಾನ ಪುಸ್ತಕದಲ್ಲಿ ಬೆಳಕಿನ ಪಾಠ ಇದ್ದೇ ಇದೆ. ಪ್ರತಿಫಲನ, ವಕ್ರೀಭವನ, ಮಸೂರ, ಮಳೆಬಿಲ್ಲು. ಮಕ್ಕಳು ಚಿತ್ರ ತೆಗೆಯುತ್ತಾರೆ, ನಿಯಮ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು. ಆದರೆ ಆ ಪಾಠದ ಮುಂದಿನ ಕಥೆ ಬಹಳ ದೊಡ್ಡದು. ಬೆಳಕನ್ನು ಬರೀ ನೋಡುವುದಕ್ಕಲ್ಲ, ಕೆಲಸಕ್ಕೆ ಹಚ್ಚುವುದಕ್ಕೆ ಕಲಿಸುವ ಒಂದು ವಿಜ್ಞಾನ ಈಗ ಬೆಳೆದು ನಿಂತಿದೆ. ಅದಕ್ಕೆ ಫೋಟಾನಿಕ್ಸ್ ಎಂದು ಹೆಸರು. ಕೇಬಲ್ಲಿನ ಒಳಗೆ ಬೆಳಕಿನ ರೂಪದಲ್ಲಿ ಓಡುವ ಇಂಟರ್‌ನೆಟ್, ಕಣ್ಣಿನ ಆಸ್ಪತ್ರೆಯ ಲೇಸರ್, ಟಿ.ವಿ. ಪರದೆ, ಅಂಗಡಿಯಲ್ಲಿ ಸಾಮಾನಿನ ಮೇಲಿನ ಗೆರೆಗಳನ್ನು ಓದುವ ಯಂತ್ರ, ಇವೆಲ್ಲ ಅದರ ಮಕ್ಕಳೇ.

ಇಂಥ ವಿಜ್ಞಾನದ ಸಂಶೋಧನಾ ಕೇಂದ್ರ ಹೇಗೆ ಹುಟ್ಟುತ್ತದೆ? ಸರ್ಕಾರ ಹಣ ಕೊಟ್ಟು ಕಟ್ಟಡ ಕಟ್ಟಿಸಿದರೆ ಸಾಕೇ? ಕನ್ನಡ ನಾಡಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಬೆಂಗಳೂರು ಮತ್ತು ಮೈಸೂರಿನಲ್ಲಿ ಒಬ್ಬ ಗುರುವಿನಿಂದ ಶಿಷ್ಯನಿಗೆ, ಆ ಶಿಷ್ಯನಿಂದ ಮತ್ತೊಬ್ಬ ಶಿಷ್ಯನಿಗೆ ಸುಮಾರು ನೂರು ವರ್ಷ ಸಾಗಿ ಬಂದ ಬೆಳಕಿನ ಪರಂಪರೆಯೊಂದು ಇದೆ. ಅದನ್ನು ನಮ್ಮ ಗಡಿಭಾಗದ ಮಕ್ಕಳಿಗೆ ಹೇಳಲೇಬೇಕು ಎನ್ನುವ ಕಾರಣಕ್ಕೆ ಈ ಲೇಖನ.

ಭೌತಶಾಸ್ತ್ರ ಕಲಿಸಿದವರು ಕನ್ನಡಕ್ಕೂ ದುಡಿದರು

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಆಗ ಅದರ ವಿಜ್ಞಾನ ವಿಭಾಗಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಒಬ್ಬರು. ಇವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ನೂರು ವರ್ಷಕ್ಕೂ ಹಿಂದೆ ಕನ್ನಡದಲ್ಲಿ ವಿಜ್ಞಾನಕ್ಕಾಗಿಯೇ ಒಂದು ಪತ್ರಿಕೆ! ಅದು ನಡೆದದ್ದು ಅಲ್ಪಕಾಲ ಮಾತ್ರ. ಆದರೂ ವಿಜ್ಞಾನದ ಮಾತನ್ನು ಕನ್ನಡದಲ್ಲಿ ಆಡಬಹುದು ಎಂದು ಅದು ತೋರಿಸಿಕೊಟ್ಟಿತು. ಇದೇ ವೆಂಕಟನಾರಣಪ್ಪನವರು ಪಂಪ ಭಾರತವನ್ನೂ ಸಂಪಾದಿಸಿದರು. ಒಂದು ಕೈಯಲ್ಲಿ ಭೌತಶಾಸ್ತ್ರ, ಇನ್ನೊಂದು ಕೈಯಲ್ಲಿ ಪಂಪ.

ಅದೇ ಕಾಲೇಜಿನಲ್ಲಿ ಬಿ. ವೆಂಕಟೇಶಾಚಾರ್ ಎಂಬ ಪ್ರಾಧ್ಯಾಪಕರು ಬೆಳಕಿನ ರೋಹಿತವನ್ನು ಅಭ್ಯಾಸ ಮಾಡುತ್ತಿದ್ದರು. ಪಾದರಸದ ದೀಪದ ಬೆಳಕನ್ನು ಬಿಡಿಸಿದರೆ ಬಣ್ಣಬಣ್ಣದ ಗೆರೆಗಳು ಕಾಣುತ್ತವೆ. ಒಂದೇ ಎಂದು ಕಾಣುವ ಗೆರೆಯೊಳಗೆ ಇನ್ನೂ ಸೂಕ್ಷ್ಮವಾದ ಗೆರೆಗಳಿರುತ್ತವೆ. ಇವರು ಮತ್ತು ಇವರ ಜೊತೆಗಾರ ಎಲ್. ಸೀಬಯ್ಯ ಅಂಥ ಗೆರೆಗಳನ್ನು ಅಳೆದು, ಪರಮಾಣುವಿನ ಒಳಗಿನ ಸುದ್ದಿ ತಿಳಿಯಲು ಶ್ರಮಿಸಿದರು. ಕಲಿಸುವ ಕಾಲೇಜಿನಲ್ಲೇ ಸಂಶೋಧನೆಯೂ ನಡೆಯಬಹುದು ಎಂಬುದಕ್ಕೆ ಇದು ನಮ್ಮ ನಾಡಿನ ಮೊದಲ ಉದಾಹರಣೆಗಳಲ್ಲಿ ಒಂದು. 'ವಿಜ್ಞಾನ' ಪತ್ರಿಕೆ ಹುಟ್ಟಿದ ಮರುವರ್ಷ, 1919ರಲ್ಲಿ, ನಮ್ಮ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜು ಆರಂಭವಾಯಿತು. ಮುಂದೆ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ ಕಾಲೇಜು ಅದು. ಅಂದರೆ ನಮ್ಮ ಭಾಗವೂ ಆ ಕಾಲದ ಗಾಳಿಯಿಂದ ದೂರ ಉಳಿದಿರಲಿಲ್ಲ.

ಮಿರಜದ ತಂಬೂರಿ ಮತ್ತು ರಾಮನ್

1933ರಲ್ಲಿ ಸರ್ ಸಿ.ವಿ. ರಾಮನ್ ಕಲ್ಕತ್ತೆಯಿಂದ ಬೆಂಗಳೂರಿಗೆ ಬಂದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಮೊದಲ ಭಾರತೀಯ ನಿರ್ದೇಶಕರಾದರು. ಅಷ್ಟರಲ್ಲಿ ಅವರಿಗೆ ನೊಬೆಲ್ ಬಹುಮಾನ (1930) ಬಂದಾಗಿತ್ತು. ದ್ರವದ ಮೂಲಕ ಬೆಳಕು ಹಾಯುವಾಗ ಸ್ವಲ್ಪ ಬೆಳಕು ಚದುರುತ್ತದೆ. ಚದುರಿದ ಬೆಳಕಿನಲ್ಲಿ ಹೆಚ್ಚಿನದು ಮೊದಲಿನ ಬಣ್ಣದಲ್ಲೇ ಇರುತ್ತದೆ. ತೀರಾ ಸ್ವಲ್ಪ ಭಾಗ ಮಾತ್ರ ಬಣ್ಣ ಬದಲಿಸುತ್ತದೆ. ಈ ಬದಲಾವಣೆ ಆ ದ್ರವದ ಅಣುಗಳ ಗುರುತಿನ ಚೀಟಿ ಇದ್ದ ಹಾಗೆ. ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆ ದುಡಿದು 1928ರ ಫೆಬ್ರವರಿ 28ರಂದು ರಾಮನ್ ಇದನ್ನು ಖಚಿತಪಡಿಸಿಕೊಂಡರು. ಆ ದಿನವನ್ನೇ 1987ರಿಂದ ನಾವು ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಿದ್ದೇವೆ.

ನಮ್ಮ ಮಿರಜದ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಬೆಳಕಿಗಿಂತ ಮೊದಲು ರಾಮನ್ ಅವರು ಆಳವಾಗಿ ಅಭ್ಯಾಸ ಮಾಡಿದ್ದು ನಾದವನ್ನು. 1921ರಲ್ಲಿ ಅವರು ವೀಣೆ ಮತ್ತು ತಂಬೂರಿಯ ಬಗ್ಗೆ ಲೇಖನ ಬರೆದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಮೇಲಿನ ಸ್ವರಗಳು ಕೇಳಬಾರದು. ಇದು ಹಳೆಯ ನಿಯಮ. ಆದರೆ ತಂಬೂರಿಯಲ್ಲಿ ಅವೂ ಸಮೃದ್ಧವಾಗಿ ಕೇಳುತ್ತವೆ! ಕಾರಣ ಅದರ ಕುದುರೆ. ಅದು ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ಕೆಳಗೆ ಒಂದು ಎಳೆ ದಾರವೂ ಇದೆ. ತಂತಿ ಕುದುರೆಯ ಮೈಯನ್ನು ಸವರುತ್ತಾ ಅಲುಗುವುದರಿಂದ ಆ ತುಂಬು ನಾದ ಹುಟ್ಟುತ್ತದೆ. ಮಿರಜದಲ್ಲಿ ತಲೆತಲಾಂತರದಿಂದ ತಂಬೂರಿ ಮಾಡುವ ಕುಶಲಕರ್ಮಿಗಳು ಕುದುರೆಯನ್ನು ಉಜ್ಜಿ ಉಜ್ಜಿ ನಾದ ತರಿಸುವುದೂ ಇದನ್ನೇ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕೈಗೆ ಗೊತ್ತಿದ್ದ ವಿದ್ಯೆಗೆ ಕಾರಣ ಹುಡುಕಿದವರು ರಾಮನ್. ವಿಜ್ಞಾನ ದೂರದ್ದಲ್ಲ, ನಮ್ಮ ಓಣಿಯಲ್ಲೇ ಇದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಂಗಳೂರಿಗೆ ಬಂದ ಮೇಲೆ ರಾಮನ್ ಅವರು ನಾದ ಮತ್ತು ಬೆಳಕು ಎರಡನ್ನೂ ಒಂದೇ ಪ್ರಯೋಗದಲ್ಲಿ ಕೂಡಿಸಿದರು. ದ್ರವದೊಳಗೆ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಹರಿಸಿ, ಅಡ್ಡಲಾಗಿ ಬೆಳಕು ಬಿಟ್ಟರೆ ಬೆಳಕು ಹಲವು ಕವಲಾಗಿ ಒಡೆಯುತ್ತದೆ. ಇದು ಹೇಗೆ ಎಂಬುದನ್ನು ರಾಮನ್ ಮತ್ತು ಅವರ ಶಿಷ್ಯ ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಲೆಕ್ಕ ಹಾಕಿ ತೋರಿಸಿದರು. ರಾಮನ್-ನಾಥ್ ಸಿದ್ಧಾಂತ ಎಂದೇ ಅದಕ್ಕೆ ಹೆಸರು. ಆಗ ಲೇಸರ್ ಹುಟ್ಟಿಯೇ ಇರಲಿಲ್ಲ, ಅದು ಬಂದದ್ದು 1960ರಲ್ಲಿ. ಆದರೆ ಇಂದು ಲೇಸರ್ ಕಿರಣವನ್ನು ಶಬ್ದದ ಅಲೆಯಿಂದ ತಿರುಗಿಸುವ, ತಡೆಯುವ ಸಾಧನಗಳಿಗೆ ಆ ಲೆಕ್ಕವೇ ಅಡಿಪಾಯ.

ಸೂರ್ಯನ ಬೆಳಕೇ ಯಂತ್ರ

1948ರಲ್ಲಿ ರಾಮನ್ ಅವರು ನಿವೃತ್ತರಾಗಿ, ಮೈಸೂರು ಸರ್ಕಾರ ಈ ಮೊದಲೇ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಆರಂಭಿಸಿದರು. ಶುರುವಿನ ದಿನಗಳಲ್ಲಿ ಅಲ್ಲಿ ವಿದ್ಯುತ್ತೇ ಇರಲಿಲ್ಲ. ಕನ್ನಡಿಯಿಂದ ಸೂರ್ಯನ ಬಿಸಿಲನ್ನು ಕೋಣೆಯೊಳಗೆ ತಿರುಗಿಸಿಕೊಂಡು ಪ್ರಯೋಗ ಮಾಡಿದರು. ನಮ್ಮ ಶಾಲೆಗಳಲ್ಲಿ 'ಪ್ರಯೋಗಾಲಯ ಇಲ್ಲ, ಸಾಮಾನಿಲ್ಲ' ಎಂದು ನಾವು ಹೇಳುತ್ತೇವೆ. ಹೇಳುವುದರಲ್ಲಿ ಸುಳ್ಳಿಲ್ಲ. ಆದರೂ ಬಿಸಿಲು ಮತ್ತು ಕನ್ನಡಿ ನಮ್ಮಲ್ಲಿಯೂ ಇವೆ.

ಅಲ್ಲಿ ರಾಮನ್ ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ಇಬ್ಬರು ಅವರ ಅಕ್ಕತಂಗಿಯರ ಕಡೆಯ ಸೋದರಳಿಯಂದಿರೇ: ಎಸ್. ಚಂದ್ರಶೇಖರ್ (ಜನನ 1930) ಮತ್ತು ತಮ್ಮ ಎಸ್. ಪಂಚರತ್ನಂ (ಜನನ 1934). ನಕ್ಷತ್ರಗಳ ಸಂಶೋಧನೆಗೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಹೆಸರು ಒಂದೇ ಆದ್ದರಿಂದ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ.

ಪಂಚರತ್ನಂ ಅವರು 22ರ ವಯಸ್ಸಿನಲ್ಲಿ, 1956ರಲ್ಲಿ, ಹರಳುಗಳ ಮೂಲಕ ಹಾಯುವ ಧ್ರುವೀಕೃತ ಬೆಳಕಿನ ಬಗ್ಗೆ ಒಂದು ಲೇಖನ ಬರೆದರು. ಅದರ ತಿರುಳನ್ನು ಶಾಲೆಯ ಭೂಗೋಲದಿಂದಲೇ ತೋರಿಸಬಹುದು. ಭೂಮಧ್ಯರೇಖೆಯ ಮೇಲೆ ಒಂದು ಕಡ್ಡಿಯನ್ನು ಉತ್ತರಕ್ಕೆ ಮುಖ ಮಾಡಿ ಇಡಿ. ಕಡ್ಡಿಯನ್ನು ತಿರುಗಿಸದೆ ಉತ್ತರ ಧ್ರುವದವರೆಗೆ ಜರುಗಿಸಿ. ಅಲ್ಲಿಂದ ಬೇರೊಂದು ರೇಖಾಂಶದ ಮೇಲೆ ಕೆಳಗೆ ಇಳಿಸಿ. ಮತ್ತೆ ಭೂಮಧ್ಯರೇಖೆಯ ಗುಂಟ ಹೊರಟ ಜಾಗಕ್ಕೆ ತನ್ನಿ. ಏನಾಯಿತು? ನೀವು ಎಲ್ಲಿಯೂ ತಿರುಗಿಸಲಿಲ್ಲ, ಆದರೂ ಕಡ್ಡಿಯ ಮುಖ ಬೇರೆ ದಿಕ್ಕಿಗೆ ಆಗಿದೆ! ಬೆಳಕಿನ ಧ್ರುವೀಕರಣವನ್ನು ಹೀಗೆಯೇ ಒಂದು ಸುತ್ತು ತಿರುಗಿಸಿ ಮೊದಲಿನ ಸ್ಥಿತಿಗೆ ತಂದರೂ ಅದರ ಅಲೆಯಲ್ಲಿ ಸುತ್ತಿ ಬಂದ ದಾರಿಯ ಗುರುತು ಉಳಿಯುತ್ತದೆ. ಇದನ್ನೇ ಈಗ ಪಂಚರತ್ನಂ ಫೇಸ್ ಎನ್ನುತ್ತಾರೆ.

ಆ ಲೇಖನ ಅಚ್ಚಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಹೊರಗಿನವರು ಗಮನಿಸಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಇಂಥದೇ ವಿಚಾರವನ್ನು ಬೇರೆ ದಾರಿಯಿಂದ ಕಂಡುಕೊಂಡಾಗ ಅದು ಜಗತ್ತಿನ ಮಾತಾಯಿತು. ಆಗ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ, ಇದನ್ನು ನಮ್ಮ ಪಂಚರತ್ನಂ ಮೂವತ್ತು ವರ್ಷ ಹಿಂದೆಯೇ ಬೆಳಕಿನಲ್ಲಿ ಕಂಡಿದ್ದರು ಎಂದು ಬರೆದು ತೋರಿಸಿದರು. ಬೆರಿಯವರೂ 1987ರಲ್ಲಿ ಅದನ್ನು ಒಪ್ಪಿ ಲೇಖನ ಬರೆದರು. ಕೆಲವು ಬಗೆಯ ಚಪ್ಪಟೆ ಮಸೂರಗಳು ಈ ತತ್ವದ ಮೇಲೆ ನಿಂತಿವೆ. ಆದರೆ ಪಂಚರತ್ನಂ ಇದನ್ನು ನೋಡಲಿಲ್ಲ. 1969ರಲ್ಲಿ, 35ರ ವಯಸ್ಸಿನಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು. ಮನೆಯವರು ಬರೆದದ್ದನ್ನು ಮನೆಯವರೇ ಓದಿ ಎತ್ತಿ ಹಿಡಿಯದಿದ್ದರೆ ಅದು ಇನ್ನೆಷ್ಟು ವರ್ಷ ಕಪಾಟಿನಲ್ಲಿ ಇರುತ್ತಿತ್ತೋ!

ಮಾನಸಗಂಗೋತ್ರಿಯ ಹೊಸ ವಿಭಾಗ

ಈಗ ಮೈಸೂರಿಗೆ ಬರೋಣ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಸ್ನಾತಕೋತ್ತರ ವಿಭಾಗಗಳಿಗೆ ಬೇರೆಯೇ ಆವರಣ ಬೇಕೆಂದು ಕನಸು ಕಂಡು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ. ಕನ್ನಡ ಮಾಧ್ಯಮಕ್ಕಾಗಿ ಜೀವನಪೂರ್ತಿ ವಾದಿಸಿದ ಕವಿ ಕಟ್ಟಿದ ಆವರಣದಲ್ಲಿ ವಿಜ್ಞಾನಕ್ಕೂ ದೊಡ್ಡ ಜಾಗವಿತ್ತು. 1961ರಲ್ಲಿ ಅಲ್ಲಿನ ಭೌತಶಾಸ್ತ್ರ ವಿಭಾಗ ಕಟ್ಟಲು ಬಂದವರು ಎಸ್. ಚಂದ್ರಶೇಖರ್. ಅವರು ಕೇಂಬ್ರಿಡ್ಜ್ ಮತ್ತು ಲಂಡನ್ನಿನಲ್ಲಿ ಕೆಲಸ ಮಾಡಿ ಮರಳಿದ್ದರು. ತಮ್ಮ ಪಂಚರತ್ನಂ ಕೂಡ 1964ರವರೆಗೆ ಅಲ್ಲಿಯೇ ರೀಡರ್ ಆಗಿದ್ದರು. ನಮ್ಮ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1962ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲದ ಮಾತು.

ಹೊಸ ವಿಭಾಗ, ಹೊಸ ವಿದ್ಯಾರ್ಥಿಗಳು. ಏನು ಸಂಶೋಧನೆ ಮಾಡುವುದು? 1960ರ ದಶಕದಲ್ಲಿ ಚಂದ್ರಶೇಖರ್ ಅವರು ಆರಿಸಿಕೊಂಡದ್ದು ದ್ರವ ಹರಳು, ಅಂದರೆ ಲಿಕ್ವಿಡ್ ಕ್ರಿಸ್ಟಲ್. ಇದನ್ನು ಮೊದಲು ಕಂಡವರು ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ರೈನಿಟ್ಜರ್, 1888ರಲ್ಲಿ. ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸಿದರೆ 145 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ ಮಬ್ಬು ದ್ರವವಾಯಿತು. ಇನ್ನೂ ಕಾಯಿಸಿದರೆ 178 ಡಿಗ್ರಿ ಸುಮಾರಿಗೆ ತಿಳಿಯಾಯಿತು. ಎರಡು ಸಲ ಕರಗುವ ವಸ್ತು! ನಡುವಿನ ಸ್ಥಿತಿಯಲ್ಲಿ ಅದು ದ್ರವದ ಹಾಗೆ ಹರಿಯುತ್ತದೆ, ಆದರೆ ಅದರ ಕಡ್ಡಿಯಂಥ ಅಣುಗಳು ಹರಳಿನ ಹಾಗೆ ಒಂದೇ ದಿಕ್ಕಿಗೆ ಸಾಲು ಹಿಡಿದಿರುತ್ತವೆ. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳು ಜಾಗ ಬದಲಿಸುತ್ತಿದ್ದರೂ ಎಲ್ಲರ ಮುಖ ಧ್ವಜದ ಕಡೆಗೇ ಇದ್ದಂತೆ.

ಇದರ ಪ್ರಯೋಜನ ಏನು? ಎರಡು ಗಾಜಿನ ನಡುವೆ ಈ ದ್ರವದ ತೆಳು ಪದರ ಇಟ್ಟು, ಮೇಲಿನ ಅಣುಗಳಿಂದ ಕೆಳಗಿನ ಅಣುಗಳವರೆಗೆ ಮೆಟ್ಟಿಲಿನಂತೆ ತಿರುಚಿ ಸಾಲು ಮಾಡಿದರೆ, ಧ್ರುವೀಕೃತ ಬೆಳಕೂ ತಿರುಚಿಕೊಂಡು ಆಚೆ ಹೋಗುತ್ತದೆ. ಸ್ವಲ್ಪ ವಿದ್ಯುತ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕು ತಡೆಯುತ್ತದೆ. ಇದು ಬೆಳಕಿನ ಬಾಗಿಲು ತೆಗೆಯುವ, ಮುಚ್ಚುವ ಕೆಲಸ. ಕ್ಯಾಲ್ಕುಲೇಟರಿನ ಅಂಕಿ, ಡಿಜಿಟಲ್ ಗಡಿಯಾರ, ಎಲ್‌ಸಿಡಿ ಟಿ.ವಿ. ಎಲ್ಲದರಲ್ಲೂ ಇದೇ ಬಾಗಿಲು. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಕ್ಯಾಲ್ಕುಲೇಟರನ್ನು ನಿಧಾನ ತಿರುಗಿಸಿ ನೋಡಿ, ಒಂದು ದಿಕ್ಕಿನಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗ ಕನ್ನಡಕಕ್ಕಾಗಿ ಜಗಳವೇ ಆಯಿತು!

ಮೈಸೂರಿನಲ್ಲಿ ಚಂದ್ರಶೇಖರ್ ಮತ್ತು ಅವರ ವಿದ್ಯಾರ್ಥಿಗಳು ಈ ದ್ರವದಲ್ಲಿ ಬೆಳಕು ಹೇಗೆ ತಿರುಗುತ್ತದೆ, ಅಣುಗಳು ಏಕೆ ಸಾಲು ಹಿಡಿಯುತ್ತವೆ ಎಂಬುದರ ಲೆಕ್ಕ ಹಾಕಿದರು. 1970ರ ನವೆಂಬರ್ 21ರಂದು ರಾಮನ್ ನಿಧನರಾದರು. ಮರುವರ್ಷ, 1971ರಲ್ಲಿ, ಚಂದ್ರಶೇಖರ್ ತಮ್ಮ ಕೆಲವು ಶಿಷ್ಯರನ್ನು ಕರೆದುಕೊಂಡು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಮೈಸೂರಿನಲ್ಲೂ ದ್ರವ ಹರಳಿನ ಅಧ್ಯಯನ ನಿಲ್ಲಲಿಲ್ಲ. ಒಂದು ದೀಪದಿಂದ ಇನ್ನೊಂದು ಹಚ್ಚಿದ ಹಾಗಾಯಿತು.

ನಾಣ್ಯದಂಥ ಅಣುಗಳು

ಬೆಂಗಳೂರಿನಲ್ಲಿ ಅವರು ಒಂದು ಮುಖ್ಯ ಕೆಲಸ ಮಾಡಿದರು. ಭೌತಶಾಸ್ತ್ರದವರು ಮತ್ತು ರಸಾಯನಶಾಸ್ತ್ರದವರು ಒಂದೇ ಸೂರಿನಡಿ ಕೂಡಿ ದುಡಿದರು. ಬೇಕಾದ ವಸ್ತುವನ್ನು ಪರದೇಶದಿಂದ ತರಿಸಿಕೊಂಡು ಕಾಯುವ ಬದಲು ತಾವೇ ತಯಾರಿಸಿ, ತಾವೇ ಅಳೆದು ನೋಡಿದರು. 1973ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದ್ರವ ಹರಳಿನ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

1977ರಲ್ಲಿ ದೊಡ್ಡ ಶೋಧ ಬಂತು. ಅಲ್ಲಿಯವರೆಗೆ ದ್ರವ ಹರಳಿಗೆ ಕಡ್ಡಿಯಂಥ ಅಣುಗಳೇ ಬೇಕು ಎಂದು ತಿಳಿದಿದ್ದರು. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಮೂವರೂ ಸೇರಿ ಬಿಲ್ಲೆಯಂಥ, ನಾಣ್ಯದಂಥ ಅಣುಗಳೂ ಒಂದರ ಮೇಲೊಂದು ಕೂತು ಕಂಬಗಳಾಗಿ ದ್ರವ ಹರಳು ಆಗುತ್ತವೆ ಎಂದು ತೋರಿಸಿದರು. ಇದನ್ನೂ ಅವರು ಪ್ರಕಟಿಸಿದ್ದು ಬೆಂಗಳೂರಿನ 'ಪ್ರಮಾಣ' ಪತ್ರಿಕೆಯಲ್ಲಿಯೇ. ಈ ಸಲ ಜಗತ್ತು ಮೂವತ್ತು ವರ್ಷ ಕಾಯಲಿಲ್ಲ! ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಾಕಾರದ ಅಣುಗಳಿಂದ ಒಂದು ತೆಳು ಹಾಳೆ ಮಾಡಿತು. ಪಕ್ಕದಿಂದ ನೋಡಿದರೂ ಎಲ್‌ಸಿಡಿ ಪರದೆಯ ಚಿತ್ರ ಕೆಡದಂತೆ ಕಾಯುವ ಹಾಳೆ ಅದು.

ಚಂದ್ರಶೇಖರ್ 1977ರಲ್ಲಿ ಬರೆದ ದ್ರವ ಹರಳಿನ ಗ್ರಂಥವನ್ನು ಕೇಂಬ್ರಿಡ್ಜ್ ಪ್ರಕಟಿಸಿತು. 1983ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ರಾಮನ್ ಸಂಸ್ಥೆಯಿಂದ ನಿವೃತ್ತರಾದ ಮೇಲೂ ಮನೆಯಲ್ಲಿ ಕೂಡಲಿಲ್ಲ. 1991ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕೊಟ್ಟ ಜಾಗದಲ್ಲಿ ದ್ರವ ಹರಳು ಸಂಶೋಧನಾ ಕೇಂದ್ರ ಸ್ಥಾಪಿಸಿದರು. 2004ರಲ್ಲಿ ಅವರು ತೀರಿಕೊಂಡರು. ಕೇಂದ್ರ ಉಳಿಯಿತು. 1977ರ ಶೋಧದಲ್ಲಿ ಜೊತೆಗಿದ್ದ ಕೆ.ಎ. ಸುರೇಶ್ ಮುಂದೆ ಅದೇ ಕೇಂದ್ರದ ನಿರ್ದೇಶಕರಾದರು. ಅದು ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಾಗಿ ಬೆಂಗಳೂರಿನಲ್ಲಿ ನಡೆಯುತ್ತಿದೆ. ಅತ್ತ ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಫೋಟಾನಿಕ್ಸ್ ಎಂಬ ಹೆಸರಿನಲ್ಲಿಯೇ ಒಂದು ಅಧ್ಯಯನ ಶಾಲೆ ತೆರೆಯಿತು. ಹೆಸರು ಬೇರೆ ಬೇರೆ, ಬೆನ್ನು ಹತ್ತಿದ್ದು ಬೆಳಕನ್ನೇ.

ನಮ್ಮ ಮಕ್ಕಳಿಗೆ ಇದರಲ್ಲಿ ಏನಿದೆ?

ಈ ಕಥೆಯಲ್ಲಿ ಕಟ್ಟಡಗಳು ಬದಲಾದವು, ಊರು ಬದಲಾಯಿತು, ಹೆಸರು ಬದಲಾಯಿತು. ಬದಲಾಗದೆ ಉಳಿದದ್ದು ಕಲಿಸುವವರು ಮತ್ತು ಕಲಿಯುವವರು. ಆ ಸರಪಳಿಯ ಮೊದಲ ಕೊಂಡಿ ವಿಶ್ವವಿದ್ಯಾಲಯದಲ್ಲಿ ಇರುವುದಿಲ್ಲ, ಹಳ್ಳಿಯ ಶಾಲೆಯಲ್ಲಿ ಇರುತ್ತದೆ. ಅದಕ್ಕೇ ಇದು ನಮ್ಮ ವಿಷಯವೂ ಹೌದು.

ನಮ್ಮ ಜಿಲ್ಲಾ ಪರಿಷದ್ ಕನ್ನಡ ಶಾಲೆಗಳಿಗೆ ಬಾಲಭಾರತಿಯ ಕನ್ನಡ ಪುಸ್ತಕಗಳು ಬರುತ್ತವೆ. ಹತ್ತನೆಯ ಇಯತ್ತೆಯವರೆಗೆ ಮಗು ವಿಜ್ಞಾನವನ್ನು ಕನ್ನಡದಲ್ಲಿ ಓದಬಹುದು. ಹನ್ನೊಂದನೆಯದಕ್ಕೆ ಹೋದ ದಿನವೇ ಎಲ್ಲ ಇಂಗ್ಲಿಷ್. ವಕ್ರೀಭವನ ಗೊತ್ತಿದ್ದ ಮಗು 'ರಿಫ್ರ್ಯಾಕ್ಷನ್' ಎಂದಾಗ ತನಗೆ ಏನೂ ಗೊತ್ತಿಲ್ಲ ಎಂದು ಹಿಂದಿನ ಬೆಂಚಿಗೆ ಸರಿಯುತ್ತದೆ. ಗೊತ್ತಿಲ್ಲದ್ದು ವಿಜ್ಞಾನವಲ್ಲ, ಒಂದು ಶಬ್ದ! ಆ ಒಂದು ಶಬ್ದದ ಹೊಸ್ತಿಲಲ್ಲಿ ಎಷ್ಟೋ ಮಕ್ಕಳು ವಿಜ್ಞಾನ ಬಿಟ್ಟು ಬೇರೆ ಶಾಖೆಗೆ ಹೋಗುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ.

ಭಾರತರತ್ನ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನ ಹೈಸ್ಕೂಲಿನಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಅವರ ತಂದೆ ಇಂಗ್ಲಿಷನ್ನೂ ಬಳಸುವಂತೆ ಹುರಿದುಂಬಿಸುತ್ತಿದ್ದರು. ಕನ್ನಡದಲ್ಲಿ ತಿಳಿವಳಿಕೆ, ಜೊತೆಗೆ ಇಂಗ್ಲಿಷಿನ ರೂಢಿ. ಎರಡೂ ಕೂಡಿದ್ದರಿಂದ ಅವರಿಗೆ ಯಾವ ಹೊಸ್ತಿಲೂ ಎತ್ತರವಾಗಲಿಲ್ಲ. ನಮ್ಮ ಮಕ್ಕಳ ಮನೆಯಲ್ಲಿ ಅಂಥ ತಂದೆ ಇಲ್ಲದಿರಬಹುದು. ಕಬ್ಬಿನ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ದುಡಿದು ಬರುವ ಅಪ್ಪ ಅವ್ವ ಇದನ್ನು ಹೇಗೆ ಹೇಳಿಕೊಟ್ಟಾರು? ಆ ಕೆಲಸ ನಾವು ಶಿಕ್ಷಕರೇ ಮಾಡಬೇಕು. ಎಂಟನೆಯ ಇಯತ್ತೆಯಿಂದಲೇ ಪ್ರತಿ ಪಾಠದ ಕೊನೆಗೆ ಹತ್ತು ಪಾರಿಭಾಷಿಕ ಶಬ್ದಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಸೋಣ. ಅರ್ಥ ಮಾತ್ರ ಕನ್ನಡದಲ್ಲಿಯೇ ಗಟ್ಟಿಯಾಗಲಿ. ಇದಕ್ಕೆ ಹಣ ಬೇಡ, ಅನುಮತಿ ಬೇಡ, ಒಂದು ನೋಟ್‌ಬುಕ್ ಸಾಕು.

ಮಿರಜ ಸ್ಟೇಶನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು ಒಂದು ರಾತ್ರಿಯ ದಾರಿ. ರಾಮನ್ ಸಂಸ್ಥೆಯಾಗಲಿ, ಚಂದ್ರಶೇಖರ್ ಕಟ್ಟಿದ ಕೇಂದ್ರವಾಗಲಿ ನಮ್ಮ ಮಕ್ಕಳಿಗೆ ಊರಿನ ಲೆಕ್ಕದಲ್ಲಿ ದೂರವಿಲ್ಲ. ಬರುವ ಫೆಬ್ರವರಿ 28ರಂದು ಭಾಷಣ ಸ್ಪರ್ಧೆಯ ಜೊತೆಗೆ ಒಂದು ಕನ್ನಡಿ, ಒಂದು ಭೂಗೋಲ, ಒಂದು ಕ್ಯಾಲ್ಕುಲೇಟರ್, ಒಂದು ತಂಪು ಕನ್ನಡಕ ಇಷ್ಟನ್ನು ಮೇಜಿನ ಮೇಲೆ ಇಡಿ. ಮಿರಜದವರಾದರೆ ಒಂದು ತಂಬೂರಿಯನ್ನೂ ತರಿಸಿ. ಮಕ್ಕಳು ಮುಟ್ಟಿ ನೋಡಲಿ, ಪ್ರಶ್ನೆ ಕೇಳಲಿ. ಉತ್ತರ ನಮಗೆ ಗೊತ್ತಿಲ್ಲದಿದ್ದರೆ ಅವರ ಜೊತೆ ಕೂತು ಹುಡುಕೋಣ.